ಏಣುಗುಂಬಳದ ಎರಡು ರಾಶಿ

ಮಾರ್ಚ್ 3

ಅಕ್ಕನಿಗೆ,

ವರ್ಷದ ಮೇಲಾಯಿತು, ನಿನಗೆ ಬರೆಯುತ್ತಿರುವುದು ಇದೇ ಮೊದಲು. ನನ್ನ ಪತ್ರ ಬಂದರೆ ಓದದೆ ಒಲೆಗೆ ಹಾಕುತ್ತೀನಿ ಅಂದಿದ್ದೀಯಂತೆ, ಚಿಕ್ಕಮ್ಮ ಹೇಳಿದಳು. ಹಾಕುವ ಮೊದಲು ಈ ಒಂದು ಪುಟ ನೋಡಿಬಿಡು.

ಕ್ಯಾಂಟೀನು ನೀನು ಬಿಟ್ಟುಹೋದ ಹಾಗೇ ಇದೆ. ದೊಡ್ಡ ಓವನ್ನಿನ ಬಾಗಿಲು ಈಗಲೂ ಮೊಣಕಾಲಲ್ಲಿ ಒತ್ತಿದರೇ ಮುಚ್ಚುವುದು. ಕಾರ್ಖಾನೆಯವರು ಪಾಳಿ ಪಾಳಿಯಾಗಿ ಬಂದು ತಿಂದು ಹೋಗುತ್ತಾರೆ, ದಿನದ ಅಡುಗೆಗೆ ಯಾರದೂ ದೂರಿಲ್ಲ. ಕೆಟ್ಟದ್ದು ಹೋದ ಡಿಸೆಂಬರಿನ ವಾರ್ಷಿಕ ಊಟದ ಕುಂಬಳಕಾಯಿ ಸೂಪು. ಬಟ್ಟೆ ತೊಳೆದ ನೀರಿನ ಹಾಗಿತ್ತು. ಪೇಟೆಯಲ್ಲಿ ಸಿಗುವ ದಪ್ಪ ಕುಂಬಳಕಾಯಿ ಬೇಯಿಸಿದಷ್ಟೂ ನೀರು ಬಿಡುತ್ತದೆ. ಮ್ಯಾನೇಜರು ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ಹಿಂದಿನವರು ಮಾಡ್ತಿದ್ದ ಸೂಪು ಇದಲ್ಲವಲ್ಲ" ಅಂದರು. ಈ ವರ್ಷವೂ ಹೀಗೇ ಆದರೆ ಅಡುಗೆಮನೆಯನ್ನು ಹೊರಗಿನ ಗುತ್ತಿಗೆದಾರರಿಗೆ ಕೊಡುತ್ತಾರಂತೆ. ಆಗ ನಾನು ಮನೆಗೆ.

ಅಮ್ಮನ ಬೀಜದ ಏಣುಗುಂಬಳ ಈಗ ನಿನ್ನೊಬ್ಬಳ ಹತ್ತಿರ ಇದೆ. ಅಂಗೈ ಅಗಲದ, ಕಡುಹಸಿರು ಸಿಪ್ಪೆಯ, ಮೈತುಂಬ ಏಣಿರುವ ಆ ಕಾಯಿಯನ್ನು ಇಲ್ಲಿಯ ಯಾವ ಅಂಗಡಿಯಲ್ಲೂ ನಾನು ಕಂಡಿಲ್ಲ. ಈ ಸಲ ನನಗಾಗಿ ಒಂದು ಪಾತಿ ಹೆಚ್ಚು ಹಾಕುತ್ತೀಯಾ? ಕೇಳುವುದಕ್ಕೆ ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ.

ನಿನ್ನ ತಂಗಿ


ಮಾರ್ಚ್ 19

ಕ್ಯಾಂಟೀನಿನ ಮುಖ್ಯ ಅಡುಗೆಯವರ ಸನ್ನಿಧಾನಕ್ಕೆ,

'ತಂಗಿ' ಅಂತ ಸಹಿ ಹಾಕಿದ್ದೀಯ. ಯಾರ ತಂಗಿ ಅಂತ ತಿಳಿಯಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನಿಗಾದರೂ ಅಷ್ಟು ಅಳುಕಿತ್ತು. ನೀನು ಕದ್ದ ಮನೆಯ ಬಾಗಿಲಿಗೇ ಬಂದು, "ಇನ್ನೊಂದು ಕಾಯಿ ಇದ್ದರೆ ಕೊಡಿ" ಅನ್ನುತ್ತಿದ್ದೀಯ. ಭೇಷ್!

ಮರೆತಿದ್ದರೆ ನೆನಪು ಮಾಡುತ್ತೇನೆ. ಜ್ವರ ಬಂದು ನನ್ನ ನಾಲಿಗೆ ಸತ್ತಿತು. ಉಪ್ಪು, ಹುಳಿ, ಕಹಿ ಎಲ್ಲ ಒಂದೇ, ಒದ್ದೆ ಕಾಗದ ಅಗಿದ ಹಾಗೆ. ವಾಸನೆಯೂ ಹೋಯಿತು. ಆ ಗುಟ್ಟನ್ನು ನಿನಗೊಬ್ಬಳಿಗೇ ಹೇಳಿದೆ. ಅಲ್ಲಿಂದ ಒಂದು ವರ್ಷ ನಾನು ಅಡುಗೆ ಮಾಡಿದೆ, ನೀನು ಪಕ್ಕದಲ್ಲಿ ನಿಂತು ರುಚಿ ನೋಡಿದೆ. ಸೌಟಿನಿಂದ ಪಾತ್ರೆಯ ಅಂಚಿಗೆ ಒಮ್ಮೆ ತಟ್ಟಿದರೆ ಉಪ್ಪು ಕಡಿಮೆ. ಎರಡು ಸಲ ತಟ್ಟಿದರೆ ಜಾಸ್ತಿ. ಸೌಟು ಮಗುಚಿ ಇಟ್ಟರೆ ಸರಿಯಾಗಿದೆ, ಬಡಿಸಬಹುದು. ನಾನೂರು ಜನರ ಅಡುಗೆಮನೆ ಆ ಸದ್ದಿನ ಮೇಲೆ ನಡೆಯಿತು. ಒಂದು ನರಪಿಳ್ಳೆಗೂ ಗೊತ್ತಾಗಲಿಲ್ಲ.

ಆಮೇಲೆ ಆ ವರ್ಷದ ವಾರ್ಷಿಕ ಊಟ ಬಂತು. ಸೂಪಿಗೆ ಉಪ್ಪು ಎರಡು ಸಲ ಬಿದ್ದಿತ್ತು. ನೀನು ತಟ್ಟಲಿಲ್ಲ. ಮ್ಯಾನೇಜರು ಮುಖ ಹಿಂಡಿದಾಗ ಎಲ್ಲರ ಎದುರಿಗೆ, ರುಚಿ ನೋಡುವ ಚಮಚ ಕೈಯಲ್ಲಿ ಹಿಡಿದುಕೊಂಡೇ ಅಂದೆ: "ಅಕ್ಕಂಗೆ ನಾಲಿಗೇನೇ ಇಲ್ಲ ಸಾರ್. ವರ್ಷದಿಂದ ರುಚಿ ನೋಡ್ತಿರೋದು ನಾನು." ಮಾರನೆಯ ದಿನ ನನ್ನ ಏಪ್ರನ್ನು ನಿನ್ನ ಸೊಂಟದಲ್ಲಿತ್ತು.

ಕಾಯಿ ಇಲ್ಲ, ಬೀಜ ಇಲ್ಲ, ಸಲಹೆಯೂ ಇಲ್ಲ. ಬಟ್ಟೆ ತೊಳೆದ ನೀರನ್ನೇ ಬಿಸಿ ಮಾಡಿ ಬಡಿಸು.

ಒಂದು ಕಾಲದಲ್ಲಿ ನಿನಗೆ ಅಕ್ಕನಾಗಿದ್ದವಳು


ಮೇ 2

ಚಿಕ್ಕಮ್ಮ,

ಮಂಡಿ ಹೇಗಿದೆ? ಹೊಲಿಗೆ ಮಿಷನ್ನು ತುಳಿಯಬೇಡ ಅಂದರೆ ಕೇಳುವವಳಲ್ಲ ನೀನು. ಅಮ್ಮ ಹೋದ ಮೇಲೆ ಅದನ್ನು ತುಳಿದು ತುಳಿದೇ ನಮ್ಮಿಬ್ಬರನ್ನೂ ಸಾಕಿದೆ. ನಿನ್ನಿಂದ ಮುಚ್ಚಿಟ್ಟರೆ ನನಗೆ ಅನ್ನ ಇಳಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮುದ್ದಿನ ಕಿರಿಯವಳಿಗೆ ಪಾಠ ಕಲಿಸುವ ದಾರಿ ಸಿಕ್ಕಿದೆ.

ನನ್ನ ಪಕ್ಕದ ಮನೆಯವನದು ಕನ್ನಡಕದ ಅಂಗಡಿ. ನಮ್ಮಿಬ್ಬರ ನಡುವಿನ ಬೇಲಿಯ ಮೇಲೆ ಪಟ್ಟೆಪಟ್ಟೆಯ ಪುಟ್ಟ ಕಾಯಿಗಳನ್ನು ಬೆಳೆಸುತ್ತಾನೆ. ತಿನ್ನುವುದಕ್ಕಲ್ಲ, ಅಂಗಡಿಯ ಗಾಜಿನ ಹಿಂದೆ ಕನ್ನಡಕಗಳ ನಡುವೆ ಚೆಂದಕ್ಕೆ ಜೋಡಿಸುವುದಕ್ಕೆ. ನಾನು ಪಾತಿ ಅಗೆಯುತ್ತಿದ್ದಾಗ ಬೇಲಿಯಾಚೆಯಿಂದ ಕತ್ತು ಚಾಚಿದ. "ಹೋದ ವರ್ಷದ ಕಾಯಿಂದ ತೆಗೆದ ಬೀಜ ಹಾಕ್ಬೇಡಿ ಅಮ್ಮಾ. ನನ್ನ ಕಾಯಿ ವಿಷದಂಥ ಕಹಿ. ಜೇನು ನನ್ನ ಹೂವಿನ ಪುಡಿ ಒಯ್ದು ನಿಮ್ಮ ಹೂವಿಗೆ ಹಾಕಿರುತ್ತೆ. ಆ ವರ್ಷದ ಕಾಯಿಗೆ ಏನೂ ಆಗಲ್ಲ. ಅದರ ಬೀಜದಿಂದ ಹುಟ್ಟಿದ ಬಳ್ಳೀಲಿ ಕೆಲವು ಕಹಿ ಬರ್ತವೆ. ತಿಂದ್ರೆ ವಾಂತಿ, ಹೊಟ್ಟೆನೋವು, ಆಸ್ಪತ್ರೆ" ಅಂದ. ನಾನು, "ಅಯ್ಯೋ ಹೌದಾ, ಒಳ್ಳೇದಾಯ್ತು ಹೇಳಿದ್ದು" ಅಂದೆ. ಅವನು ಒಳ್ಳೆಯ ಕೆಲಸ ಮಾಡಿದೆನೆಂದು ಹಿಗ್ಗಿಕೊಂಡು ಹೋದ. ಒಳ್ಳೆಯ ಕೆಲಸವನ್ನೇ ಮಾಡಿದ್ದಾನೆ.

ಬೇಲಿಯ ಪಕ್ಕದ ಪಾತಿಗೆ ಹೋದ ವರ್ಷದ ಬೀಜ ಹಾಕಿದ್ದೇನೆ. ಮನೆಯ ಹಿಂದಿನ ಪಾತಿಗೆ ಅಮ್ಮನ ಡಬ್ಬಿಯಲ್ಲಿ ಉಳಿದ ಹಳೆಯ ಬೀಜ. ಹಿಂದಿನದು ನನಗೆ, ಬೇಲಿಯದು ಅವಳಿಗೆ.

ಹೆದರಬೇಡ, ಯಾರಿಗೂ ಏನೂ ಆಗುವುದಿಲ್ಲ. ಅವಳು ರುಚಿ ನೋಡದೆ ಬಡಿಸುವವಳೇ ಅಲ್ಲ. ಆದರೆ ಹಸಿ ಕಾಯಿಯನ್ನು ಎಂದೂ ಬಾಯಿಗಿಟ್ಟವಳಲ್ಲ, ಎಲ್ಲ ಬೆರೆತು ಕುದಿದ ಮೇಲೇ ಚಮಚ ಹಾಕುವುದು. ಹಂಡೆ ಸೂಪು ಕೆಡಿಸಲು ನಾಲ್ಕು ಕಹಿ ಕಾಯಿ ಸಾಕು. ಚಮಚ ಬಾಯಿಗಿಡುತ್ತಾಳೆ, ಉಗುಳುತ್ತಾಳೆ. ಹೊರಗೆ ನಾನೂರು ಜನ ಬಟ್ಟಲು ಮುಂದಿಟ್ಟುಕೊಂಡು ಕೂತಿರುತ್ತಾರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನನ್ನನ್ನು ಎಲ್ಲಿ ನಿಲ್ಲಿಸಿದಳೋ ಅಲ್ಲೇ ಅವಳು ನಿಲ್ಲಬೇಕು, ಅಷ್ಟೇ ನನ್ನ ಆಸೆ.

ನಿನ್ನ ಹಿರಿಯವಳು


ಮೇ 4

ನನ್ನ ಚಿನ್ನದಂಥ ತಂಗಿಗೆ,

ಮಾರ್ಚಿನಲ್ಲಿ ಸಿಟ್ಟಿನಲ್ಲಿ ಏನೇನೋ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಬಂಗಾರ. ಅಕ್ಕ-ತಂಗಿ ಅಂದ ಮೇಲೆ ಒಂದು ಮಾತು ಬರುತ್ತದೆ, ಹೋಗುತ್ತದೆ. ನಿನಗಾಗಿಯೇ ಒಂದು ಪಾತಿ ಹಾಕಿದ್ದೇನೆ. ಡಿಸೆಂಬರಿಗೆ ಕಾಯಿ ಕಳಿಸುತ್ತೇನೆ.

ನಿನ್ನ ಸೂಪು ನೀರಾದದ್ದು ಯಾಕೆಂದರೆ ನೀನು ಕುಂಬಳಕಾಯಿಯನ್ನು ನೀರಿಗೆ ಹಾಕಿ ಬೇಯಿಸಿದೆ. ಅದರ ಹೊಟ್ಟೆಯಲ್ಲೇ ಬೇಕಾದಷ್ಟು ನೀರಿದೆ, ಅದನ್ನು ಹೊರಗೆ ಓಡಿಸಬೇಕು. ಚಾಕುವನ್ನು ಎರಡು ಏಣಿನ ನಡುವಿನ ಗೀರಿನಲ್ಲಿಟ್ಟು ಮೇಲಿಂದ ಲಟ್ಟಣಿಗೆಯಲ್ಲಿ ಒಂದೇಟು ಹಾಕು, ತಾನಾಗಿ ಬಿರಿಯುತ್ತದೆ. ಬೀಜ ಕೆರೆದು, ಎಣ್ಣೆ ಸವರಿ, ಕತ್ತರಿಸಿದ ಮಗ್ಗುಲು ಕೆಳಗಾಗುವಂತೆ ತಟ್ಟೆಯಲ್ಲಿ ಮಗುಚಿ ಓವನ್ನಿಗಿಡು. ಗಡಿಯಾರ ನೋಡಬೇಡ, ಕಿವಿ ಕೊಡು. ಮೊದಲು ಚಿಟಿಚಿಟಿ ಅನ್ನುತ್ತದೆ. ಆ ಸದ್ದು ನಿಂತರೆ ನೀರು ಹೋಯಿತು ಅಂತ. ಆಮೇಲೆ ಸಿಪ್ಪೆ ಮುದುಕಿಯ ಕೆನ್ನೆಯ ಹಾಗೆ ಕುಗ್ಗುತ್ತದೆ. ಆಗ ತೆಗೆ. ತಿರುಳನ್ನು ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನ ಜೊತೆ ಅರೆದು, ಆಮೇಲೇ ನೀರು ಹಾಕುವುದು, ಬೇಕಾದಷ್ಟೇ.

ಸದಾ ನಿನ್ನ ಒಳಿತನ್ನೇ ಬಯಸುವ ಅಕ್ಕ


ಜೂನ್ 11

ಅಕ್ಕ,

ನಿನ್ನ ಪತ್ರ ಮೂರು ಸಲ ಓದಿದೆ. ನೀನು ಹೇಳಿದ ಹಾಗೆ ಪೇಟೆಯ ಕಾಯಿಯನ್ನೇ ಸುಟ್ಟು ನೋಡಿದೆ. ನೀರು ಅರ್ಧ ಕಮ್ಮಿಯಾಯಿತು. ಉಪಕಾರವಾಯಿತು.

ಹುಟ್ಟಿದಂದಿನಿಂದ ನೀನು ನನ್ನನ್ನು ಚಿನ್ನ, ಬಂಗಾರ ಅಂದದ್ದು ನೆನಪಿಲ್ಲ. 'ಏ ಇವಳೇ' ಅನ್ನುತ್ತಿದ್ದೆ. ಅದೇ ವಾಸಿಯಿತ್ತು.

ಒಂದು ಮಾತು ಬರೆಯಲೇಬೇಕು, ಇಲ್ಲದಿದ್ದರೆ ನಿನ್ನ ಕಾಯಿ ನನಗೆ ಜೀರ್ಣವಾಗುವುದಿಲ್ಲ. ಅವತ್ತು ನಾನು ತಟ್ಟಿದೆ. ಎರಡು ಸಲ ತಟ್ಟಿದೆ, ನೀನು ತಿರುಗಲಿಲ್ಲ. ಮತ್ತೆ ಜೋರಾಗಿ ತಟ್ಟಿದೆ. ನೀನು ಬಾಗಿಲ ಹತ್ತಿರ ಮ್ಯಾನೇಜರ ಮುಂದೆ ಕೈ ಕಟ್ಟಿ ನಗುತ್ತಾ ನಿಂತಿದ್ದೆ. ಅವರು ನನ್ನ ಕಡೆ ಕೈ ತೋರಿಸಿ, "ಇವರು ಯಾರು?" ಅಂತ ಕೇಳಿದರು. ನೀನು ಏನಂದೆ ನೆನಪಿದೆಯಾ? "ಅವಳಾ? ಪಾತ್ರೆ ತೊಳೆಯೋಳು ಸಾರ್."

ವರ್ಷವಿಡೀ ನಿನ್ನ ಬಾಯೊಳಗಿನ ನಾಲಿಗೆಯಾಗಿದ್ದವಳು ನಾನು. ಆಮೇಲೆ ನನ್ನ ಬಾಯಿಂದ ಏನು ಬಂತೋ ಅದು ಬಂತು. ಬಂದದ್ದಕ್ಕೆ ನನಗೆ ಸಂಕಟವಿದೆ. ಸುಳ್ಳು ಮಾತ್ರ ಬರಲಿಲ್ಲ.

ಇವಳೇ


ಜುಲೈ 8

ಹಿರಿಯವಳಿಗೆ ಚಿಕ್ಕಮ್ಮ ಬರೆದದ್ದು.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಬೈಗುಳವೇ ಬರುತ್ತಿತ್ತು, ಹರಿದು ಹಾಕಿದೆ. ನೆರೆಮನೆಗೆ ಅಪಶಕುನವಾಗಲಿ ಅಂತ ತನ್ನ ಮೂಗು ಕೊಯ್ದುಕೊಂಡವಳ ಕಥೆ ಕೇಳಿದ್ದೆ, ಅಂಥವಳು ನನ್ನ ಮನೆಯಲ್ಲೇ ಬೆಳೆದಿದ್ದಾಳೆ ಅಂತ ಗೊತ್ತಿರಲಿಲ್ಲ.

ಅವಳು ರುಚಿ ನೋಡುವ ಮೊದಲೇ ಯಾರೋ ಒಬ್ಬ ಹಸಿದವನು ಬಟ್ಟಲು ಅದ್ದಿ ಕುಡಿದರೆ? ಆಗ ಏನು ಮಾಡುತ್ತೀಯ? ಅದೂ ಅಲ್ಲದೆ, ಕುಂಬಳಕಾಯಿಯಲ್ಲಿ ಸೇಡು ತೀರಿಸಿಕೊಂಡವರ ಸುದ್ದಿ ನಾನು ಕೇಳಿಲ್ಲ. ಜನ ಕತ್ತಿ ಹಿಡಿಯುತ್ತಾರೆ, ಕೋರ್ಟಿಗೆ ಹೋಗುತ್ತಾರೆ. ನೀನು ಪಾತಿ ಮಾಡುತ್ತೀಯ.

ಕಿರಿಯವಳಿಗೆ ನಾನು ಹೇಳುವುದಿಲ್ಲ. ಒಬ್ಬಳ ಚಾಡಿ ಇನ್ನೊಬ್ಬಳಿಗೆ ಮುಟ್ಟಿಸುವ ಕೆಲಸ ನಿಮ್ಮ ಚಿಕ್ಕಂದಿನಲ್ಲೇ ಬಿಟ್ಟೆ. ಅಕ್ಟೋಬರಿನಲ್ಲಿ ಬಂದು ಒಂದು ವಾರ ಇರುತ್ತೇನೆ. ಆ ಬೇಲಿಯ ಬಳ್ಳಿಯನ್ನು ಅಷ್ಟರೊಳಗೆ ಕಿತ್ತಿರಬೇಕು.

ಚಿಕ್ಕಮ್ಮ


ಸೆಪ್ಟೆಂಬರ್ 30

ಚಿಕ್ಕಮ್ಮ,

ಬಳ್ಳಿ ಕಿತ್ತೆ. ಕಾಯಿ ಕೊಯ್ದ ಮೇಲೆ ಕಿತ್ತೆ.

ಬೈಯಬೇಡ, ಕೇಳು. ಬೇಲಿಯ ಪಾತಿಯಲ್ಲಿ ಸೊಟ್ಟಗೆ, ಪಟ್ಟೆಪಟ್ಟೆಯಾಗಿ ಬಂದದ್ದನ್ನೆಲ್ಲ ಗುಂಡಿಗೆ ಹಾಕಿದೆ. ಉಳಿದವು ಅಮ್ಮನ ಕಾಯಿಗಳ ಅವಳಿಜವಳಿ, ಅಮ್ಮನೇ ಎದ್ದು ಬಂದರೂ ಬೇರೆ ಮಾಡಲಾರಳು. ಎಲ್ಲವನ್ನೂ ತೊಟ್ಟು ಉಳಿಸಿಕೊಂಡು ಕೊಯ್ದು, ಉಗುರು ಊರದಷ್ಟು ಸಿಪ್ಪೆ ಗಟ್ಟಿಯಾಗುವವರೆಗೆ ಬಿಸಿಲಲ್ಲಿಟ್ಟು, ಅಟ್ಟಕ್ಕೇರಿಸಿದ್ದೇನೆ. ಕಿಟಕಿಯ ಕಡೆಯ ರಾಶಿ ಅವಳದು, ಗೋಡೆಯ ಕಡೆಯದು ನನ್ನದು.

ನನ್ನ ರಾಶಿಗೂ ಒಂದು ಕೆಲಸವಿದೆ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ನನ್ನ ಬಾಡಿಗೆ ಮನೆಯ ಮುಂದಿನ ಕಿಟಕಿ ಬೀದಿಗೇ ತೆರೆಯುತ್ತದೆ, ಎದುರಿಗೇ ಬಸ್ ಡಿಪೊ. ಜನವರಿಯ ಚಳಿಯಲ್ಲಿ ಡ್ರೈವರು, ಕಂಡಕ್ಟರುಗಳೆಲ್ಲ ಕೈ ಉಜ್ಜಿಕೊಂಡು ನಿಂತಿರುತ್ತಾರೆ. ಆ ಕಿಟಕಿಯಿಂದಲೇ ಸುಟ್ಟ ಕುಂಬಳದ ಸೂಪು ಮಾರುತ್ತೇನೆ. ಮೇಲೆ 'ಅಕ್ಕನ ಸೂಪು' ಅಂತ ಬೋರ್ಡು. ಉಪ್ಪು, ಮೆಣಸನ್ನೆಲ್ಲ ತಕ್ಕಡಿಯಲ್ಲಿ ತೂಗುವುದು ಕಲಿತಿದ್ದೇನೆ. ನನಗೆ ಈಗ ಯಾರ ನಾಲಿಗೆಯೂ ಬೇಕಿಲ್ಲ. ಅವಳ ಅಡುಗೆಮನೆ ಮುಚ್ಚಬೇಕು, ನನ್ನ ಕಿಟಕಿ ತೆರೆಯಬೇಕು. ಆಗ ಹೊಟ್ಟೆ ತಣ್ಣಗಾಗುತ್ತದೆ.

ನೀನು ಬಾ. ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ.

ಹಿರಿಯವಳು


ಡಿಸೆಂಬರ್ 2

ತಂಗಿ,

ಎರಡು ಗೋಣಿ ಏಣುಗುಂಬಳ ಲಾರಿಗೆ ಹಾಕಿಸಿದ್ದೇನೆ. ಊಟದ ಹಿಂದಿನ ದಿನ ನಿನಗೆ ತಲುಪುತ್ತದೆ. ಮೊದಲೇ ಕಳಿಸಿದರೆ ನಿನ್ನ ಸ್ಟೋರಿನ ತೇವಕ್ಕೆ ಕೊಳೆಯುತ್ತವೆ ಅಂತ ತಡ ಮಾಡಿದೆ.

ಎಲ್ಲವನ್ನೂ ಸುಟ್ಟು ಒಂದೇ ಹಂಡೆಯಲ್ಲಿ ಬೆರೆಸು. ಬೇರೆ ಬೇರೆ ಮಾಡಿದರೆ ಒಂದೊಂದು ಪಾತ್ರೆ ಒಂದೊಂದು ರುಚಿಯಾಗುತ್ತದೆ. ಕೊನೆಗೆ ನಿನ್ನ ಪದ್ಧತಿಯಂತೆ ಚಮಚ ಹಾಕಿ ನೋಡು. ಎಲ್ಲರೂ ಬಂದು ಕೂತಿರಲಿ, ಬಿಸಿಬಿಸಿ ಬಡಿಸಬೇಕು.

ಜೂನಿನಲ್ಲಿ ಬರೆದದ್ದಕ್ಕೆ ಉತ್ತರ ಕೊಡಲಿಲ್ಲ ಅಂದುಕೊಂಡಿರುತ್ತೀಯ. ಉತ್ತರ ಗೋಣಿಯಲ್ಲಿದೆ ಅಂದುಕೋ.

ಅಕ್ಕ


ಡಿಸೆಂಬರ್ 15

ಅಕ್ಕ,

ಕಾಯಿ ತಲುಪಿತು. ಊಟ ಚೆನ್ನಾಗಿ ನಡೆಯಿತು. ಸೂಪು ಹಂಡೆಯ ತಳ ಕಾಣುವವರೆಗೆ ಖಾಲಿಯಾಯಿತು. ಕೆಲವರು ಬ್ರೆಡ್ಡಿನಿಂದ ಬಟ್ಟಲು ಒರೆಸಿ ತಿಂದರು. ಮ್ಯಾನೇಜರು ಎರಡು ಸಲ ಹಾಕಿಸಿಕೊಂಡು, "ಇನ್ನು ಗುತ್ತಿಗೆ ಮಾತೇ ಇಲ್ಲ" ಅಂದರು.

ನಿನ್ನ ಉತ್ತರ ಸಿಕ್ಕಿತು.

ತಂಗಿ


ಡಿಸೆಂಬರ್ 18

ಚಿಕ್ಕಮ್ಮ,

ಕೂಡಲೇ ಉತ್ತರ ಬರೆ. ಅವಳ ಸೂಪು ಚೆನ್ನಾಗಿತ್ತಂತೆ! ಬಟ್ಟಲು ಒರೆಸಿ ತಿಂದರಂತೆ! ನಾನು ಹಲ್ಲು ಕಡಿದ ಸದ್ದು ಡಿಪೊಗೆ ಕೇಳಿಸಿರಬೇಕು.

ಕಿಟಕಿಯ ಕಡೆಯ ರಾಶಿಯನ್ನೇ ಕಳಿಸಿದ್ದು, ನನ್ನ ಕೈಯಾರೆ ಗೋಣಿಗೆ ತುಂಬಿದ್ದು. ಹಾಗಾದರೆ ಕನ್ನಡಕದವನು ಹೇಳಿದ್ದು ಸುಳ್ಳೇ? ಅಥವಾ ಒಂದೂ ಕಹಿಯಾಗಲಿಲ್ಲವೇ? ಗೋಡೆಯ ಕಡೆಯ ರಾಶಿಯಿಂದ ಒಂದು ಕಾಯಿ ತಂದು ಕತ್ತರಿಸಿ ನಾಲಿಗೆಯ ಮೇಲಿಟ್ಟುಕೊಂಡೆ. ನನ್ನ ಹುಚ್ಚು ನೋಡು. ಒದ್ದೆ ಕಾಗದ, ಅಷ್ಟೇ. ಉಗಿದೆ.

ನೀನು ಬಂದಿದ್ದಾಗ ಅಟ್ಟ ಹತ್ತಿದ್ದೆಯಾ? ನಿಜ ಹೇಳು. ಜನವರಿ ಮೊದಲ ವಾರದಲ್ಲಿ ಕಿಟಕಿ ತೆರೆಯುತ್ತೇನೆ ಅಂತ ಡಿಪೊದಲ್ಲೆಲ್ಲ ಹೇಳಿಬಿಟ್ಟಿದ್ದೇನೆ.

ಹಿರಿಯವಳು


ಡಿಸೆಂಬರ್ 26

ಹಿರಿಯವಳಿಗೆ,

ಹತ್ತಿದ್ದೆ. ನೀನು ಸ್ನಾನಕ್ಕೆ ಹೋದಾಗ, ಈ ಮಂಡಿ ಇಟ್ಟುಕೊಂಡು, ಏಣಿಯ ಮೆಟ್ಟಿಲು ಮೆಟ್ಟಿಲಿಗೂ ನಿನ್ನನ್ನು ಬೈದುಕೊಂಡು ಹತ್ತಿದೆ. ಗೋಡೆಯದನ್ನು ಕಿಟಕಿಗೆ, ಕಿಟಕಿಯದನ್ನು ಗೋಡೆಗೆ ಸಾಗಿಸಿಬಿಡೋಣ, ನಿನ್ನ ಕಹಿ ನಿನ್ನ ಮನೆಯಲ್ಲೇ ಉಳಿಯಲಿ ಅಂತ. ಕಿಟಕಿ ಸೂಪಿನ ವಿಷಯ ಬರೆದಿದ್ದೆಯಲ್ಲ, ಅದನ್ನು ತೆರೆಯುವ ಮೊದಲು ಹೇಳಿದರಾಯಿತು ಅಂದುಕೊಂಡಿದ್ದೆ.

ಅರ್ಧ ಸಾಗಿಸುವಷ್ಟರಲ್ಲಿ ಸೊಂಟ ಹಿಡಿಯಿತು. ಹಿಡಿದುಕೊಂಡು ಕೂತಾಗ ಕಾಲು ತಾಗಿ ಎರಡೂ ರಾಶಿ ಉರುಳಿ ಸೇರಿಕೊಂಡವು. ಯಾವುದು ಯಾವುದರಿಂದ ಬಂತು ಅಂತ ನನಗೂ ತಿಳಿಯಲಿಲ್ಲ. ಅಷ್ಟರಲ್ಲಿ ಬಚ್ಚಲ ಬಾಗಿಲು ಸದ್ದಾಯಿತು. ಕಣ್ಣಿಗೆ ಕಂಡ ಹಾಗೆ ಎರಡು ರಾಶಿ ಮಾಡಿ ಇಳಿದುಬಂದೆ. ಅದಕ್ಕೇ ಅವತ್ತು ಊಟಕ್ಕೆ ಕೂರುವಾಗ 'ಅಮ್ಮಾ' ಅಂದದ್ದು. ನೀನು ಸೊಂಟಕ್ಕೆ ವಾಯು ಹಿಡಿದಿದೆ ಅಂತ ಎಣ್ಣೆ ತಿಕ್ಕಿದೆ.

ಅವಳಿಗೆ ಹೋದದ್ದರಲ್ಲಿ ಎಷ್ಟು ಕಹಿಯೋ, ನಿನ್ನಲ್ಲಿ ಉಳಿದದ್ದರಲ್ಲಿ ಎಷ್ಟು ಕಹಿಯೋ, ಹೇಳುವವರು ಯಾರೂ ಇಲ್ಲ. ಕಿಟಕಿ ತೆರೆಯಬೇಡ ಮಗಳೇ. ನಿನ್ನ ತಕ್ಕಡಿಗೆ ಉಪ್ಪು ಗೊತ್ತು, ಕಹಿ ಗೊತ್ತಿಲ್ಲ.

ಚಿಕ್ಕಮ್ಮ


ಜನವರಿ 4

ತಂಗಿ,

ಚೆನ್ನಾಗಿದ್ದೀಯ ಅಂದುಕೊಂಡಿದ್ದೇನೆ. ಇಲ್ಲಿ ಚಳಿ ಜೋರು.

ಬಹಳ ದಿನವಾಯಿತು, ಒಂದೆರಡು ದಿನ ಬಂದು ಇದ್ದು ಹೋಗಬಾರದೇ? ಅಟ್ಟದಲ್ಲಿ ಕುಂಬಳಕಾಯಿ ಬೇಕಾದಷ್ಟಿದೆ. ಬಂದಾಗ ಸುಮ್ಮನೆ ಒಂದೊಂದರಿಂದ ಚೂರು ತೆಗೆದು ರುಚಿ ನೋಡಿದರಾಯಿತು, ಹೊತ್ತು ಹೋಗಬೇಕಲ್ಲ. ನನಗೇನೂ ಅವಸರವಿಲ್ಲ. ಈ ವಾರ ಬಂದರೆ ಒಳ್ಳೆಯದು.

ಅಕ್ಕ


ಜನವರಿ 11

ಅಕ್ಕ,

ಅಡ್ಡಗೋಡೆಯ ಮೇಲೆ ದೀಪ ಇಡಬೇಡ. ನನಗೆ ಎಲ್ಲ ಗೊತ್ತು.

ನೀನು 'ಬಂಗಾರ' ಅಂದ ದಿನವೇ ನನಗೆ ಅನುಮಾನ ಬಂದಿತ್ತು. ಗೋಣಿ ಬಿಚ್ಚಿದ ಕೂಡಲೇ ಪ್ರತಿಯೊಂದು ಕಾಯಿಯ ತೊಟ್ಟಿನ ಬುಡದಿಂದಲೂ ಒಂದು ಚೂರು ತೆಗೆದು ಹಸಿಯಾಗಿಯೇ ಬಾಯಿಗಿಟ್ಟೆ. ಬಹಳಷ್ಟು ಚೆನ್ನಾಗಿದ್ದವು. ಆಮೇಲೆ ಒಂದು ಸಿಕ್ಕಿತು. ಅಕ್ಕ, ಅಂಥ ಕಹಿ ನಾನು ಜನ್ಮದಲ್ಲಿ ಕಂಡಿರಲಿಲ್ಲ. ಬಾಯಿ ತೊಳೆದೆ, ಹಾಲು ಕುಡಿದೆ, ಮತ್ತೆ ಮುಂದಿನದಕ್ಕೆ ಕೈ ಹಾಕಿದೆ. ಮತ್ತೊಂದು ಸಿಕ್ಕಿತು. ರಾಶಿ ಮುಗಿಯುವಷ್ಟರಲ್ಲಿ ನಾಲಿಗೆ ಊದಿತ್ತು, ಅಳು ಬರುತ್ತಿತ್ತು. ಕಹಿಗೆ ಅತ್ತೆನೋ ನಿನಗೆ ಅತ್ತೆನೋ ಗೊತ್ತಿಲ್ಲ. ಕಹಿಯವನ್ನೆಲ್ಲ ಹೂತು, ಉಳಿದದ್ದರಲ್ಲಿ ಸೂಪು ಮಾಡಿದೆ. ಡಿಸೆಂಬರಿನಲ್ಲಿ ಇದನ್ನು ಬರೆಯಲಿಲ್ಲ, ಬೇಕೆಂದೇ ಬರೆಯಲಿಲ್ಲ. ನೀನು ಕೂತು ಕೊರಗಬೇಕಿತ್ತು. ಕೊರಗಿದ್ದೀಯ, ನಿನ್ನ ಕಾಗದವೇ ಹೇಳುತ್ತಿದೆ.

ರಾಶಿ ಉರುಳಿದ ಕಥೆಯನ್ನೂ, ನಿನ್ನ ಕಿಟಕಿ, ನಿನ್ನ ಬೋರ್ಡಿನ ವಿಷಯವನ್ನೂ ಚಿಕ್ಕಮ್ಮ ಈಗ ಬರೆದಿದ್ದಾಳೆ. ಬರುತ್ತೇನೆ. ಒಂದೊಂದನ್ನೂ ರುಚಿ ನೋಡುತ್ತೇನೆ. ಆದರೆ ಆ ಬೋರ್ಡಿನ ಮೇಲೆ 'ಕೈ ಅಕ್ಕನದು, ನಾಲಿಗೆ ತಂಗಿಯದು' ಅಂತ ಬರೆಸಬೇಕು. ಡಿಪೊದವರೆಲ್ಲ ಓದುವಷ್ಟು ದಪ್ಪ ಅಕ್ಷರದಲ್ಲಿ. ಪಾತ್ರೆ ತೊಳೆಯುವವಳು ಇನ್ನು ಸುಮ್ಮನೆ ಚಮಚ ನೆಕ್ಕುವುದಿಲ್ಲ.

ತಂಗಿ


ಜನವರಿ 24

ತಂಗಿ,

ಬೋರ್ಡು ಬರೆಸುವುದಿಲ್ಲ. ನೀನು ಬರುವುದೂ ಬೇಡ.

ನಾಲಿಗೆ ಸತ್ತರೇನು, ಹೊಟ್ಟೆ ಇನ್ನೂ ಗಟ್ಟಿಯಾಗಿದೆ. ಬೆಳಿಗ್ಗೆ ಒಂದು ಕಾಯಿಯಿಂದ ಹೆಬ್ಬೆರಳಿನಷ್ಟು ತಿರುಳು ಕೊರೆದು ಬೇಯಿಸಿ ತಿನ್ನುತ್ತೇನೆ. ಕೊರೆದ ತೂತಿಗೆ ಕೊಳೆಯದ ಹಾಗೆ ಮೇಣ ತುಂಬುತ್ತೇನೆ. ಸಂಜೆಯವರೆಗೆ ಹೊಟ್ಟೆ ಸುಮ್ಮನಿದ್ದರೆ ಆ ಕಾಯಿ ಗೋಡೆಯ ಕಡೆಗೆ. ತಿರುಗಿಬಿದ್ದರೆ ಗುಂಡಿಗೆ. ಹೀಗೆ ರಾಶಿ ಪೂರ್ತಿ ಬೇರೆ ಮಾಡಿ ಕಿಟಕಿ ತೆರೆಯುತ್ತೇನೆ, ಬೇಸಿಗೆ ಬಂದರೂ ಸರಿ.

ಕೆಲವು ದಿನ ಏನೂ ಆಗಲಿಲ್ಲ. ಮೊನ್ನೆ ಸಿಕ್ಕಿತು ನೋಡು. ವಾಂತಿ ನಿಲ್ಲಲಿಲ್ಲ. ಕನ್ನಡಕದವನು ಸದ್ದು ಕೇಳಿ ಬೇಲಿ ಹಾರಿ ಬಂದು ನೀರು ಕುಡಿಸಿದ, ಡಾಕ್ಟರನ್ನು ಕರೆತಂದ. "ಹೇಳಿದ್ದೆನಲ್ಲ ಅಮ್ಮಾ" ಅಂತ ಒಂದೇ ಸಮ ಗೋಳಾಡಿದ, ಪಾಪ, ತನ್ನದೇ ತಪ್ಪು ಅನ್ನುವ ಹಾಗೆ. ಬಚ್ಚಲಿನ ನೆಲದ ಮೇಲೆ ಕೂತು ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ. ಬೈದು ಸುಸ್ತಾದ ಮೇಲೆ ಅಳು ಬಂತು. ಪಾತ್ರೆಯ ಅಂಚಿಗೆ ಸೌಟು ತಟ್ಟುವ ಸದ್ದು ಒಮ್ಮೆ ಕೇಳಿಸಿದರೆ ಸಾಕು ಅನ್ನಿಸಿತು. ಇದನ್ನು ಬರೆದೆನೆಂದು ನಾನು ಮೆತ್ತಗಾದೆ ಅಂದುಕೊಳ್ಳಬೇಡ. ಸಿಟ್ಟು ಇದ್ದ ಹಾಗೇ ಇದೆ. ಇನ್ನೂ ಮುಕ್ಕಾಲು ರಾಶಿ ಬಾಕಿ ಇದೆ, ಎರಡು ದಿನ ಬಿಟ್ಟು ಮತ್ತೆ ಶುರು ಮಾಡುತ್ತೇನೆ.

ಅಕ್ಕ


ಜನವರಿ 27

ಅಕ್ಕ,

ನಿನ್ನ ಕಾಗದ ಬೆಳಿಗ್ಗೆಯೇ ಕೈ ಸೇರಿತು. ಉಳಿದ ಕಾಯಿ ಮುಟ್ಟಬೇಡ. ಮುಟ್ಟಿದೆಯೋ, ಚಿಕ್ಕಮ್ಮನನ್ನೂ ಜೊತೆಗೆ ಕರೆದುಕೊಂಡು ಬರುತ್ತೇನೆ.

ರಜೆ ಹಾಕಿದ್ದೇನೆ. ಮ್ಯಾನೇಜರು ಕಾರಣ ಕೇಳಿದರು. "ಅಕ್ಕಂಗೆ ಹಟ ಜಾಸ್ತಿಯಾಗಿ ಹಾಸಿಗೆ ಹಿಡಿದಿದ್ದಾಳೆ" ಅಂದೆ. ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಬಾಯಿ ತರುತ್ತಿದ್ದೇನೆ, ಕ್ಷಮೆ ತರುತ್ತಿಲ್ಲ. ನೀನೂ ಕೊಡುವುದು ಬೇಡ, ನಿನ್ನ ಹತ್ತಿರ ಅದು ಇಲ್ಲ ಅಂತ ನನಗೆ ಗೊತ್ತು.

ಬೋರ್ಡು ನೀನು ಬರೆಸಬೇಕಾಗಿಲ್ಲ. ಕಾರ್ಖಾನೆಯ ಪೇಂಟರಿಂದ ನಾನೇ ಬರೆಸಿದ್ದೇನೆ, ಬಿಳಿಯ ಮೇಲೆ ಕೆಂಪು, ಮೊಳದುದ್ದದ ಅಕ್ಷರ. ಸುತ್ತಿಗೆ, ಮೊಳೆ ಚೀಲದಲ್ಲಿವೆ. ಮೊದಲು ಬೋರ್ಡು, ಆಮೇಲೆ ರಾಶಿ. ನೀನು ಬಾಗಿಲು ತೆಗೆಯದಿದ್ದರೆ ಅದನ್ನು ಬಾಗಿಲಿಗೇ ಹೊಡೆಯುತ್ತೇನೆ.

ತಂಗಿ